ಕೀರ್ತನೆಯ ಧ್ವನಿಮುದ್ರಣಕ್ಕೆ ಎಂತಹ ಯಂತ್ರ ಬೇಕು?

ಕಳೆದ ಚಳಿಗಾಲದಲ್ಲಿ ಕಾಂದಿವಲಿಯ ನಮ್ಮ ಶಾಲೆಯ ಮೇಲಿನ ತರಗತಿಗಳ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವಿಬ್ಬರು ಉಪಾಧ್ಯಾಯರು ಬೀದರಕ್ಕೆ ಹೋಗಿದ್ದೆವು. ಮುಂಬಯಿಯಿಂದ ರೈಲಿನಲ್ಲಿ ಒಂದು ರಾತ್ರಿಯ ಪ್ರಯಾಣ. ಕೋಟೆಯನ್ನು ಸುತ್ತಿದೆವು, 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸೆಯಲ್ಲಿ ಉಳಿದಿರುವ ಒಂದೇ ಮಿನಾರನ್ನು ಕತ್ತೆತ್ತಿ ನೋಡಿದೆವು, ಬಿದರಿ ಕೆಲಸದ ಅಂಗಡಿಗಳಲ್ಲಿ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದೆವು. ಸಂಜೆ ನಾನಕ ಝೀರಾ ಸಾಹೇಬ ಗುರುದ್ವಾರದಲ್ಲಿ ಕುಳಿತು ಕೀರ್ತನೆಯನ್ನು ಕೇಳಿದೆವು. ಮಕ್ಕಳಲ್ಲಿ ಅನೇಕರು ಮೊಬೈಲುಗಳನ್ನು ಹೊರತೆಗೆದು ಆ ಹಾಡನ್ನು ಹಿಡಿದುಕೊಂಡರು.

ಊರಿಗೆ ಮರಳಿದ ಮೂರನೆಯ ದಿನ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಉಪಾಧ್ಯಾಯರ ಕೋಣೆಗೆ ಬಂದು ನಿಂತನು. ಅವನ ಮನೆತನದವರು ಮೂಲತಃ ಭಾಲ್ಕಿಯ ಕಡೆಯವರು. “ಸರ್, ಗುರುದ್ವಾರದ ಹಾಡನ್ನು ಅಜ್ಜಿಗೆ ಕೇಳಿಸಿದೆ. ‘ಪೇಟಿ ರಿಪೇರಿ ಅಂಗಡಿಗಿ ಹೋಗಿದ್ದೇನೋ ತಮ್ಮಾ?’ ಅಂತ ಕೇಳಿದಳು” ಎಂದನು. ಅವನ ಮೊಬೈಲನ್ನು ತೆಗೆದುಕೊಂಡು ನಾನೂ ಕೇಳಿದೆನು. ಅಜ್ಜಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಾರ್ಮೋನಿಯಮ್ಮಿನ ಗದ್ದಲದಲ್ಲಿ ಗಾಯಕನ ಕಂಠವು ಮುಳುಗಿಹೋಗಿತ್ತು. ತಬಲದ ಪ್ರತಿಯೊಂದು ಪೆಟ್ಟಿಗೂ ಉಳಿದ ಧ್ವನಿಯೆಲ್ಲವೂ ಕುಗ್ಗಿ ಮತ್ತೆ ಏಳುತ್ತಿತ್ತು. ಕೊನೆಯ ಜಯಘೋಷವು ಕಾಗದವನ್ನು ಹರಿದಂತೆ ಒಡೆದಿತ್ತು. “ಯಾವ ಮೊಬೈಲು ಕೊಂಡರೆ ಸರಿಯಾಗಿ ಬರುತ್ತದೆ, ಸರ್?” ಎಂಬುದು ಅವನ ಪ್ರಶ್ನೆ.

ನಗುವ ಅಧಿಕಾರ ನನಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಭಜನಾಮಂಡಳಿಯೊಂದರಲ್ಲಿ ದಾಸರ ಪದಗಳನ್ನು ಹಾಡುತ್ತಿದ್ದ ವೃದ್ಧರೊಬ್ಬರ ಕಂಠವನ್ನು ಉಳಿಸಿಕೊಳ್ಳಬೇಕೆಂದು, ಮಿತ್ರರಿಂದ ಬೆಲೆಬಾಳುವ ಯಂತ್ರವೊಂದನ್ನು ಎರವಲು ತಂದು, ಇಡಲು ಅನುಕೂಲವಾದ ಸ್ಥಳವೆಂದು ಅದನ್ನು ಧ್ವನಿವರ್ಧಕದ ಪೆಟ್ಟಿಗೆಯ ಮೇಲೆಯೇ ಇಟ್ಟು, ನಾನು ನಿಶ್ಚಿಂತನಾಗಿ ತಾಳ ಹಾಕುತ್ತ ಕುಳಿತಿದ್ದೆನು. ಮರುದಿನ ಕೇಳಿದಾಗ ಗುಂಯ್‌ಗುಡುವಿಕೆಯ ಹೊರತು ಬೇರೇನೂ ಇರಲಿಲ್ಲ. ದಸರೆಗೆ ಮತ್ತೊಮ್ಮೆ ಹಾಡುವೆನೆಂದು ಅವರು ಒಪ್ಪಿದ್ದರು. ದಸರೆಗೆ ಮುಂಚೆಯೇ ಅವರು ತೀರಿಕೊಂಡರು. ಆ ಮುದ್ರಿಕೆ ಈಗಲೂ ನನ್ನಲ್ಲಿದೆ. ಅದರಲ್ಲಿ ಅವರ ಧ್ವನಿ ಇಲ್ಲ.

ಆದುದರಿಂದ ಯಾವ ಯಂತ್ರವನ್ನು ಕೊಳ್ಳಬೇಕೆಂದು ಕೇಳುವುದಕ್ಕೆ ಮುಂಚೆ, ಯಾವ ಹಾಡು, ಯಾವ ಸ್ಥಳ, ಎಷ್ಟು ದೂರ ಎಂಬುದನ್ನು ಕೇಳಿಕೊಳ್ಳತಕ್ಕದ್ದು. ಬೀದರದ ಗುರುದ್ವಾರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಬೀದರವು ಜಂಬಿಟ್ಟಿಗೆಯ ಕಲ್ಲಿನ ಎತ್ತರವಾದ ಭೂಮಿ. ಮಳೆಯ ನೀರು ಆ ಸಚ್ಛಿದ್ರ ಕಲ್ಲಿನಲ್ಲಿ ಇಳಿದು, ಕೆಳಗಿರುವ ಗಟ್ಟಿಯಾದ ಕರಿಕಲ್ಲನ್ನು ತಲುಪಿ, ಮುಂದೆ ಇಳಿಯಲಾರದೆ, ದಿನ್ನೆಯ ಅಂಚಿನಲ್ಲಿ ಒರತೆಯಾಗಿ ಹೊರಬರುವುದು. ಗುರು ನಾನಕರು (1469–1539) ದಕ್ಷಿಣ ದೇಶದ ಸಂಚಾರಕಾಲದಲ್ಲಿ ಇಲ್ಲಿಗೆ ಬಂದು, ಕುಡಿಯುವ ನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಕಾಲಿನಿಂದ ಕಲ್ಲೊಂದನ್ನು ಸರಿಸಲು ಸಿಹಿನೀರು ಹೊರಟಿತೆಂದು ಭಕ್ತರು ನಂಬುತ್ತಾರೆ. ಝೀರಾ ಎಂದರೆ ಒರತೆಯೆಂದೇ ಅರ್ಥ. ಈಗಿನ ಗುರುದ್ವಾರವು 1948ರಲ್ಲಿ ನಿರ್ಮಿತವಾದುದು. 1699ರಲ್ಲಿ ಗುರು ಗೋವಿಂದಸಿಂಹರ ಕರೆಗೆ ಓಗೊಟ್ಟು ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬಸಿಂಹರು ಬೀದರದವರೆಂಬುದು ಸಿಖ್ಖರ ಪರಂಪರೆ. ಹೀಗೆ ಪಂಜಾಬಿನ ಹಾಡು ಕನ್ನಡನಾಡಿಗೆ ಬಂದು ನೆಲೆಸಿದುದಕ್ಕೆ ಕಾರಣವುಂಟು.

ಆ ಹಾಡಿನ ಸ್ವರೂಪವೆಂತಹದು? ಸಿಖ್ಖರ ಪವಿತ್ರಗ್ರಂಥವಾದ ಗುರು ಗ್ರಂಥಸಾಹೇಬಿನ 1430 ಪುಟಗಳಲ್ಲಿ ಬಹುಭಾಗವು 31 ರಾಗಗಳ ಹೆಸರಿನಲ್ಲಿ ವಿಂಗಡಿಸಲ್ಪಟ್ಟಿದೆ. ನಮ್ಮ ಮುಂಬಯಿಯ ನೆರೆಹೊರೆಯಲ್ಲಿ ಯಾರ ಅಭಂಗಗಳನ್ನು ದಿನವೂ ಕೇಳುತ್ತೇವೆಯೋ ಆ ನಾಮದೇವರ 61 ಪದಗಳೂ ಅದರಲ್ಲಿ ಸೇರಿವೆ. ಇವನ್ನು ಹಾಡುವವನಿಗೆ ‘ರಾಗಿ’ ಎಂದು ಹೆಸರು. ನಮ್ಮ ಮಕ್ಕಳು ಮೊದಲ ಬಾರಿ ಈ ಮಾತನ್ನು ಕೇಳಿ ಮುದ್ದೆಯನ್ನು ನೆನೆಸಿಕೊಂಡು ನಕ್ಕರು. ರಾಗವನ್ನು ಬಲ್ಲವನು ಎಂಬುದು ಇಲ್ಲಿಯ ಅರ್ಥ. ಸಾಮಾನ್ಯವಾಗಿ ಮೂವರ ಮೇಳ: ಇಬ್ಬರು ಹಾರ್ಮೋನಿಯಂ ನುಡಿಸುತ್ತ ಹಾಡುವರು, ಒಬ್ಬನು ತಬಲ ಬಾರಿಸುವನು. ನಮ್ಮ ಪಲ್ಲವಿಯಂತೆ ಒಂದು ಸಾಲು ಮತ್ತೆ ಮತ್ತೆ ಬರುವುದು. ‘ಸಂಗತ್’ ಎಂದರೆ ನೆರೆದ ಸಭೆಯು ಅದನ್ನು ಹಿಂದಿನಿಂದ ಹಾಡುವುದು. ಮೆಲ್ಲನೆ ಆರಂಭವಾದ ಶಬದ್ ಕೊನೆಗೆ ತಬಲದ ದ್ರುತಗತಿಯಲ್ಲಿ ಏರಿ, ಅನಂತರ ನೂರಾರು ಕಂಠಗಳ ಜಯಕಾರವು ಏಳುವುದು.

ಯಂತ್ರದ ಮಟ್ಟಿಗೆ ಹೇಳುವುದಾದರೆ, ಒಂದೇ ಗಂಟೆಯಲ್ಲಿ ಪಿಸುಮಾತಿಗೆ ಸಮೀಪವಾದ ಆಲಾಪವೂ ಸಿಡಿಲಿಗೆ ಸಮೀಪವಾದ ಘೋಷವೂ ಅದರ ಎದುರಿಗೆ ಬರುತ್ತವೆ. ಮೊದಲ ಆಲಾಪವನ್ನು ಕೇಳಿ ಮಟ್ಟವನ್ನು ಹೊಂದಿಸಿದವನು ಕೊನೆಯಲ್ಲಿ ಕೆಡುವುದು ನಿಶ್ಚಯ. ನಮ್ಮ ಬಾಲಕನಿಗೆ ಆದುದು ಇದೇ.

ಹಿಂದಿನವರ ಕಷ್ಟ ಬೇರೆ ಬಗೆಯದು. ಎಡಿಸನ್ನನು 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ ತರುವಾಯ ಮೇಣದ ಉರುಳೆಗಳು ಬಂದವು. ಒಂದೊಂದರಲ್ಲಿ ಎರಡರಿಂದ ನಾಲ್ಕು ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗನು ಕಲಕತ್ತೆಗೆ ಬಂದು ಗೌಹರಜಾನಳ ಹಾಡನ್ನು ಮುದ್ರಿಸಿದಾಗಲೂ ತಟ್ಟೆಯ ಒಂದು ಮೈಗೆ ಮೂರು ನಿಮಿಷಗಳಷ್ಟೇ. ಅರ್ಧ ತಾಸು ಹಾಡುವ ರಾಗವನ್ನು ಮೂರು ನಿಮಿಷಗಳಿಗೆ ಕತ್ತರಿಸುವುದನ್ನು ಆ ಕಾಲದ ಗಾಯಕರು ಕಲಿಯಬೇಕಾಯಿತು. ಜರ್ಮನಿಯಲ್ಲಿ 1935ರಲ್ಲಿ ಟೇಪು ಯಂತ್ರವು ಪ್ರದರ್ಶಿತವಾಯಿತು. 1951ರಲ್ಲಿ ಕುಡೆಲ್‌ಸ್ಕಿ ಎಂಬವನು ಸ್ವಿಟ್ಸರ್ಲೆಂಡಿನಲ್ಲಿ ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ‘ನಾಗ್ರಾ’ ಯಂತ್ರವನ್ನು ಮಾಡಿದನು. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಬಂದಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ನಲವತ್ತೈದನೆಯ ನಿಮಿಷಕ್ಕೆ ತಿರುವಿಹಾಕಬೇಕು. ಹಾಡಿನ ಸೊಗಸಾದ ಭಾಗವು ಆಗಲೇ ಬರುವುದೆಂಬುದು ಕ್ಯಾಸೆಟ್ಟಿನ ಕಾಲದವರೆಲ್ಲರ ಅನುಭವ. ಈಗ ಕಾಲಾವಧಿಯ ತೊಡಕು ತೀರಿದೆ. ಕೇಳುವುದರ ತೊಡಕು ತೀರಿಲ್ಲ.

ಸಭೆಯಲ್ಲಿ ಕುಳಿತ ನಮ್ಮ ಎರಡು ಕಿವಿಗಳೂ ಮನಸ್ಸೂ ಕೂಡಿ ಬೇಕಾದ ಧ್ವನಿಯನ್ನು ಆಯ್ದುಕೊಳ್ಳುತ್ತವೆ. ಮೇಲೆ ಪಂಖಗಳು ತಿರುಗುತ್ತಿರಲಿ, ಪಕ್ಕದಲ್ಲಿ ಮಗು ಅಳುತ್ತಿರಲಿ, ರಾಗಿಯ ಕಂಠವು ನಮಗೆ ಸ್ಪಷ್ಟ. ಮೈಕಿಗೆ ಈ ವಿವೇಕವಿಲ್ಲ. ತನ್ನ ಬಳಿಗೆ ಬಂದುದೆಲ್ಲವನ್ನೂ ಅದು ಬಂದಷ್ಟೇ ಪ್ರಮಾಣದಲ್ಲಿ ಬರೆದುಕೊಳ್ಳುವುದು. ಗುರುದ್ವಾರದ ಚಲುವೆಕಲ್ಲಿನ ಗೋಡೆಗಳಿಂದ ಹೊರಳಿ ಬರುವ ಪ್ರತಿಧ್ವನಿಯೂ ಅದಕ್ಕೆ ಹಾಡೇ.

ಈ ವಿಷಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಪ್ರಯೋಗದಿಂದ ತಿಳಿಸುವುದು ಮೇಲೆಂದು, ಒಂದು ಶನಿವಾರ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ, ಒಬ್ಬ ಬಾಲಕಿಗೆ ಹಾರ್ಮೋನಿಯಂ ಕೊಟ್ಟು ಹಾಡಿಸಿದೆವು. ರೆಕಾರ್ಡರನ್ನು ಮೊದಲು ಒಂದು ಮೀಟರು, ಆಮೇಲೆ ಎರಡು, ಆಮೇಲೆ ನಾಲ್ಕು ಮೀಟರು ದೂರದಲ್ಲಿಟ್ಟೆವು. ಬಯಲಿನಲ್ಲಾದರೆ ದೂರವು ಇಮ್ಮಡಿಯಾದಾಗಲೆಲ್ಲ ಧ್ವನಿಯು 6 ಡೆಸಿಬೆಲ್ಲಿನಷ್ಟು ಇಳಿಯಬೇಕು. ಕೋಣೆಯಲ್ಲಿ ಅಷ್ಟು ಇಳಿಯಲಿಲ್ಲ. ಏಕೆಂದರೆ ಗೋಡೆಗಳಿಂದ ಮರಳಿದ ಧ್ವನಿಯು ಆ ನಷ್ಟವನ್ನು ತುಂಬಿತು. ಆದರೆ ತುಂಬಿದುದು ಹಾಡಲ್ಲ, ಹಾಡಿನ ನೆರಳು. ಒಂದು ಮೀಟರಿನಲ್ಲಿ ಬಾಲಕಿಯ ಉಸಿರೂ ಕೇಳಿಸಿತು. ನಾಲ್ಕು ಮೀಟರಿನಲ್ಲಿ ಸಾಹಿತ್ಯದ ವ್ಯಂಜನಗಳು ಕರಗಿ ಸ್ವರಗಳು ಮಾತ್ರ ಉಳಿದವು. ಬಳಿಕ ಯಂತ್ರವನ್ನು ಹಾರ್ಮೋನಿಯಮ್ಮಿನ ಪಕ್ಕದಿಂದ ತೆಗೆದು ಒಂದು ಗೇಣು ಮೇಲಕ್ಕೆ, ಅವಳ ಬಾಯಿಯ ಕಡೆಗೆ ಓರೆಯಾಗಿ ನಿಲ್ಲಿಸಿದೆವು. ಆ ಒಂದು ಗೇಣಿನಿಂದ ಕಂಠವು ವಾದ್ಯದ ಹಿಂದಿನಿಂದ ಹೊರಬಂದು ಮುಂದೆ ನಿಂತಿತು. ಯಂತ್ರ ಅದೇ, ಬೆಲೆ ಅದೇ.

ಇನ್ನು ಯಂತ್ರಗಳ ವಿಚಾರ. ಎಲ್ಲರ ಕೈಯಲ್ಲಿರುವ ಮೊಬೈಲನ್ನು ನಾನು ಹಳಿಯುವುದಿಲ್ಲ. ಆದರೆ ಅದನ್ನು ಮಾಡಿರುವುದು ಮಾತಿಗಾಗಿ. ದೊಡ್ಡ ಧ್ವನಿ ಬಂದೊಡನೆ ತಾನಾಗಿಯೇ ಮಟ್ಟವನ್ನು ತಗ್ಗಿಸುವ, ಸಣ್ಣ ಧ್ವನಿಗೆ ಏರಿಸುವ ಏರ್ಪಾಡು ಅದರೊಳಗಿರುವುದು ಸಾಮಾನ್ಯ. ಸಂಭಾಷಣೆಗೆ ಇದು ಉಪಕಾರ, ಸಂಗೀತಕ್ಕೆ ಅಪಕಾರ. ತಬಲದ ಪೆಟ್ಟಿಗೆ ಹಾಡು ಕುಗ್ಗಿದುದು ಇದರಿಂದಲೇ. ಎಡೆಬಿಡದೆ ನುಡಿಯುವ ವಾದ್ಯವನ್ನು ಗದ್ದಲವೆಂದು ತಿಳಿದು ಅಳಿಸಲು ಹೊರಡುವ ಮೊಬೈಲುಗಳೂ ಉಂಟು. ಇವೆರಡನ್ನೂ ನಿಲ್ಲಿಸಲು ಸಾಧ್ಯವಾಗುವ ಆಪನ್ನು ಹಾಕಿಕೊಂಡು, ಕರೆಗಳು ಬಾರದಂತೆ ವಿಮಾನದ ಗುರುತನ್ನು ಒತ್ತಿ, ಹೊರಗಿನ ಮೈಕೊಂದನ್ನು ಸೇರಿಸಿದರೆ ಮೊಬೈಲು ಕೂಡ ಮರ್ಯಾದೆಯಿಂದ ಕೆಲಸ ಮಾಡುವುದು.

ಅದಕ್ಕಿಂತ ಮೇಲಿನದು ಅಂಗೈಯಲ್ಲಿ ಹಿಡಿಯುವ ರೆಕಾರ್ಡರು. ಜೂಮ್, ಟ್ಯಾಸ್ಕಮ್, ಸೋನಿ ಮೊದಲಾದ ಕಂಪನಿಗಳು ಇವನ್ನು ಮಾಡುತ್ತವೆ. ತಲೆಯ ಮೇಲೆ ಎರಡು ಮೈಕುಗಳು ಒಂದನ್ನೊಂದು ಹಾಯುವಂತೆ ಓರೆಯಾಗಿರುತ್ತವೆ. ಅದರಿಂದ ಎಡ ಬಲಗಳ ಭೇದವು ಮುದ್ರಿಕೆಯಲ್ಲಿ ಉಳಿಯುವುದು. ಮಟ್ಟವನ್ನು ಕೈಯಿಂದ ಹೊಂದಿಸುವ ಅವಕಾಶವಿದೆಯೇ ಎಂಬುದೇ ಇಲ್ಲಿ ಮೊದಲು ನೋಡತಕ್ಕ ಗುಣ. ಎರಡನೆಯದು, ಹೊರಗಿನ ತಂತಿಗಳನ್ನು ಸೇರಿಸುವ ಎರಡು ದ್ವಾರಗಳು. ಮೂರನೆಯದು, ಯಂತ್ರದ ಸ್ವಂತ ಸದ್ದು: ಏನೂ ಹಾಡದಿದ್ದಾಗ ಹೆಡ್‌ಫೋನಿನಲ್ಲಿ ಕೇಳುವ ‘ಸ್’ ಎಂಬ ಶಬ್ದ. ಹಾರ್ಮೋನಿಯಮ್ಮಿನ ಎದುರಿಗೆ ಈ ದೋಷವು ಮುಚ್ಚಿಹೋಗುವುದು. ಆದರೆ ಗುರು ನಾನಕರ ಸಂಗಡಿಗನಾದ ಮರ್ದಾನನು ನುಡಿಸಿದ್ದು ರಬಾಬನ್ನು; ದಿಲ್‌ರುಬಾ, ತಾವೂಸ್, ಸರಂದಾಗಳಂತಹ ತಂತಿವಾದ್ಯಗಳೇ ಕೀರ್ತನೆಯ ಪೂರ್ವದ ಸಂಪತ್ತು. ಅವನ್ನು ಮತ್ತೆ ಬಳಕೆಗೆ ತರಬೇಕೆಂದು 2022ರಲ್ಲಿ ಅಮೃತಸರದ ಅಕಾಲ್ ತಖ್ತಿನಿಂದ ಸೂಚನೆಯೂ ಹೊರಟಿತು. (ನಮ್ಮ ಆಕಾಶವಾಣಿಯೂ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿದ್ದುದು ಹಿರಿಯರಿಗೆ ನೆನಪಿರಬಹುದು.) ದಿಲ್‌ರುಬಾದ ಮೃದುನಾದವನ್ನು ಹಿಡಿಯಬೇಕಾದವನು ಯಂತ್ರದ ಸ್ವಂತ ಸದ್ದನ್ನು ಅಲಕ್ಷಿಸಲಾಗದು.

ಅಂಗಡಿಯವರು ಅಂಕೆಗಳಿಂದ ನಮ್ಮನ್ನು ಬೆದರಿಸುವರು. ಅವುಗಳ ಅರ್ಥವು ಗಣಿತದ ಒಂದು ಪುಟದಷ್ಟೇ. ಮನುಷ್ಯನ ಕಿವಿಗೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 20,000 ಕಂಪನಗಳವರೆಗೆ ಕೇಳಿಸುವುದು. ಒಂದು ಕಂಪನವನ್ನು ಗುರುತಿಸಲು ಎರಡು ಅಳತೆಗಳಿಗಿಂತ ಹೆಚ್ಚು ಬೇಕಾದುದರಿಂದ, ಸೆಕೆಂಡಿಗೆ 44,100 ಅಥವಾ 48,000 ಅಳತೆಗಳಿದ್ದರೆ ಸಾಕು. 96,000ಕ್ಕೆ ಹಣ ತೆರುವುದು ಕೀರ್ತನೆಗೆ ಅನಾವಶ್ಯಕ. ಆದರೆ ಪ್ರತಿಯೊಂದು ಅಳತೆಯ ಸೂಕ್ಷ್ಮತೆಯಲ್ಲಿ ಜಿಪುಣತನ ಸಲ್ಲದು. 16 ಬಿಟ್ಟುಗಳಲ್ಲಿ 65,536 ಮೆಟ್ಟಿಲುಗಳು. 24 ಬಿಟ್ಟುಗಳಲ್ಲಿ 1,67,77,216. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ಲಿನ ಅವಕಾಶ. 24 ಬಿಟ್ಟುಗಳಿದ್ದರೆ ಮಟ್ಟವನ್ನು ಧೈರ್ಯವಾಗಿ ತಗ್ಗಿಸಿ ಇಡಬಹುದು. ಸಾಧಾರಣ ಹಾಡು ಗರಿಷ್ಠಕ್ಕಿಂತ 18 ಡೆಸಿಬೆಲ್ ಕೆಳಗೆ ಆಡುತ್ತಿದ್ದರೆ, ಜಯಕಾರವು ಬಂದಾಗ ಅದಕ್ಕೆ ಏರಲು ಜಾಗವಿರುವುದು. ಸುಮಾರು 2019ರಿಂದ 32 ಬಿಟ್ಟಿನ ಹೊಸ ಕ್ರಮವುಳ್ಳ ಚಿಕ್ಕ ಯಂತ್ರಗಳು ಬಂದಿವೆ. ಮಟ್ಟದ ತಪ್ಪನ್ನು ಮನೆಗೆ ಬಂದಮೇಲೂ ಅವುಗಳಲ್ಲಿ ತಿದ್ದಬಹುದು. ಕೈ ಪಳಗದವರಿಗೆ ಇದು ದೊಡ್ಡ ವರ. ಆದರೂ ಮೈಕಿನೊಳಗೇ ಒಡೆದ ಧ್ವನಿಯನ್ನಾಗಲಿ, ತಪ್ಪು ಸ್ಥಳದಲ್ಲಿಟ್ಟ ಮೈಕನ್ನಾಗಲಿ ಯಾವ ಬಿಟ್ಟೂ ತಿದ್ದದು.

48,000 ಅಳತೆ, 24 ಬಿಟ್ಟು, ಎರಡು ಮಾರ್ಗಗಳೆಂದರೆ ಗಂಟೆಗೆ ಸುಮಾರು ಒಂದು ಗಿಗಾಬೈಟು. 32 ಗಿಗಾಬೈಟಿನ ಕಾರ್ಡಿನಲ್ಲಿ ಮೂವತ್ತು ಗಂಟೆ ಹಿಡಿಸುವುದು. ಹೀಗಿರಲು ಎಂಪಿತ್ರೀ ಎಂಬ ಹಿಂಡಿದ ರೂಪದಲ್ಲಿ ಮುದ್ರಿಸುವುದು ಏತಕ್ಕೆ? ಹಿಂಡಿದ ಕಬ್ಬಿನಿಂದ ಮತ್ತೆ ಕಬ್ಬನ್ನು ಮಾಡಲಾಗದು. ಬ್ಯಾಟರಿಯನ್ನು ಮಾತ್ರ ನೆಚ್ಚಬೇಡಿರಿ. ಮುಂಜಾವಿನ ‘ಆಸಾ ದೀ ವಾರ್’ ಒಂದೇ ದೀರ್ಘಗಾನ. ಹಬ್ಬಗಳಲ್ಲಿ ಇಡೀ ರಾತ್ರಿ ಕೀರ್ತನೆ ನಡೆಯುವುದೂ ಉಂಟು. ಅಂಗಡಿಯಲ್ಲಿ ಸಿಗುವ ಸಾಧಾರಣ ಸೆಲ್ಲುಗಳಿಂದಲೂ ನಡೆಯುವ ಯಂತ್ರವನ್ನು ನಾನು ಇಷ್ಟಪಡುತ್ತೇನೆ. ಬೀದರದ ಬೀದಿಯಲ್ಲಿ ರಾತ್ರಿ ಎಂಟು ಗಂಟೆಗೂ ಅವು ದೊರೆಯುತ್ತವೆ.

ದೊಡ್ಡ ಗುರುದ್ವಾರಗಳಲ್ಲಿ ರಾಗಿಗಳ ಮುಂದೆ ಆಗಲೇ ಮೈಕುಗಳಿದ್ದು, ಅವುಗಳ ತಂತಿಗಳು ಮಿಕ್ಸರಿಗೆ ಹೋಗುವುವು. ಅಲ್ಲಿಂದಲೇ ಒಂದು ತಂತಿಯನ್ನು ನಮ್ಮ ಯಂತ್ರಕ್ಕೆ ಪಡೆದರೆ ಕಂಠವು ನಿಚ್ಚಳವಾಗಿ ಬರುವುದು. ಇಲ್ಲಿ ಒಂದು ಅಪಾಯ. ಮೈಕಿನಿಂದ ಬರುವ ವಿದ್ಯುತ್ತು ವೋಲ್ಟಿನ ಸಾವಿರದ ಕೆಲವು ಪಾಲುಗಳಷ್ಟು. ಮಿಕ್ಸರಿನಿಂದ ಬರುವುದು ಒಂದು ವೋಲ್ಟಿನ ಆಸುಪಾಸು. ಮೈಕಿನ ದ್ವಾರಕ್ಕೆ ಇದನ್ನು ಹಾಗೆಯೇ ಕೊಟ್ಟರೆ, ಬಿಂದಿಗೆಯ ನೀರನ್ನು ಚಮಚಕ್ಕೆ ಸುರಿದಂತಾಗುವುದು. ಯಂತ್ರದಲ್ಲಿ ‘ಲೈನ್’ ಎಂಬ ಗುರುತಿರಬೇಕು. ಇಲ್ಲವಾದರೆ ತಗ್ಗಿಸುವ ತಂತಿ ಬೇಕು. ಮಿಕ್ಸರಿನ ಧ್ವನಿಗೂ ಒಂದು ಕೊರತೆಯುಂಟು: ಅದರಲ್ಲಿ ಸಂಗತ್ ಇರುವುದಿಲ್ಲ. ರಾಗಿಯು ಶೂನ್ಯದಲ್ಲಿ ಕುಳಿತು ಹಾಡಿದಂತೆ ಕೇಳುವುದು. ಆದುದರಿಂದಲೇ ಎರಡು ದ್ವಾರಗಳಿಗೆ ಮಿಕ್ಸರಿನ ತಂತಿಯನ್ನು ಕೊಟ್ಟು, ತನ್ನ ತಲೆಯ ಎರಡು ಮೈಕುಗಳಿಂದ ಸಭೆಯನ್ನು ಬೇರೆಯಾಗಿ ಬರೆದುಕೊಳ್ಳುವ ನಾಲ್ಕು ಮಾರ್ಗದ ಯಂತ್ರವು ಈ ಕೆಲಸಕ್ಕೆ ಅತ್ಯುಚಿತವೆಂದು ನನ್ನ ಅಭಿಪ್ರಾಯ.

ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಹಣದಿಂದ ನಮ್ಮ ಶಾಲೆಯು ಕೊಂಡಿರುವುದೂ ಅಂತಹ ಯಂತ್ರವನ್ನೇ. ಇನ್ನೂ ದೊಡ್ಡದನ್ನು ಕೊಳ್ಳಬಹುದಾಗಿತ್ತು. ಆ ಹೆಚ್ಚಿನ ಹಣವನ್ನು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು, ಪಂಖದ ಗಾಳಿಯನ್ನು ತಡೆಯುವ ತುಪ್ಪುಳದ ಟೊಪ್ಪಿಗೆ, ಗಟ್ಟಿಯಾದ ಗಿಡ್ಡ ಸ್ಟ್ಯಾಂಡು, ಎರಡು ತಂತಿಗಳು ಇವುಗಳ ಮೇಲೆ ವೆಚ್ಚಮಾಡಿದೆವು. ಹೆಡ್‌ಫೋನಿಲ್ಲದೆ ಮುದ್ರಿಸುವುದು ಕಣ್ಣುಮುಚ್ಚಿ ಚಿತ್ರ ಬರೆದಂತೆ. ಅಂದು ಭಜನೆಯಲ್ಲಿ ನನ್ನ ಕಿವಿಯ ಮೇಲೆ ಅದಿದ್ದಿದ್ದರೆ ಒಂದೇ ನಿಮಿಷದಲ್ಲಿ ಧ್ವನಿವರ್ಧಕದ ಮೇಲಿನಿಂದ ಯಂತ್ರವನ್ನು ಎತ್ತಿಕೊಳ್ಳುತ್ತಿದ್ದೆನು.

ಇಷ್ಟಾದಮೇಲೂ ಒಂದು ಉಳಿದಿದೆ, ಅದು ಎಲ್ಲಿಯೂ ಮಾರಾಟಕ್ಕಿಲ್ಲ. ಮುದ್ರಿಸುವ ಮೊದಲು ಗುರುದ್ವಾರದ ವ್ಯವಸ್ಥಾಪಕರನ್ನೂ ಹಾಡುವವರನ್ನೂ ಕೇಳಿ ಅನುಮತಿ ಪಡೆಯತಕ್ಕದ್ದು. ತಲೆಗೆ ವಸ್ತ್ರ ಕಟ್ಟಿ, ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಕಾಲುತೊಳೆದು ಒಳಗೆ ಹೋಗಬೇಕು. ಗ್ರಂಥಸಾಹೇಬಿಗೆ ಬೆನ್ನುಮಾಡಿ ಯಂತ್ರವನ್ನು ಹೊಂದಿಸುತ್ತ ಕೂಡುವುದಾಗಲಿ, ನಮಸ್ಕರಿಸಲು ಬರುವವರ ದಾರಿಗೆ ಸ್ಟ್ಯಾಂಡನ್ನು ನಿಲ್ಲಿಸುವುದಾಗಲಿ ಕೂಡದು. ಕೀರ್ತನೆ ಆರಂಭವಾದಮೇಲೆ ಎದ್ದು ಓಡಾಡುವಂತಿಲ್ಲ. ಅರ್ಧ ಗಂಟೆ ಮುಂಚೆ ಹೋಗಿ ಎಲ್ಲವನ್ನೂ ಮುಗಿಸಿಕೊಳ್ಳಬೇಕು. ಗಿಡ್ಡ ಸ್ಟ್ಯಾಂಡನ್ನು ಕೊಂಡುದು ಈ ಕಾರಣಕ್ಕಾಗಿಯೂ ಹೌದು: ನೆಲದ ಮೇಲೆ ಕುಳಿತವರ ಕಣ್ಣಿಗೆ ಅದು ಅಡ್ಡವಾಗದು. ಮುಗಿದ ಬಳಿಕ ದಿನಾಂಕ, ಸ್ಥಳ, ಹಾಡಿದವರ ಹೆಸರು, ರಾಗ, ಅನುಮತಿ ಕೊಟ್ಟವರು ಯಾರು ಎಂಬುದನ್ನು ಯಂತ್ರಕ್ಕೆ ಮಾತಿನಲ್ಲಿಯೇ ಹೇಳಿ ಮುದ್ರಿಸಿಬಿಡಿರಿ, ಚೀಟಿಗಳು ಕಳೆದುಹೋಗುತ್ತವೆ. ಮನೆಗೆ ಬಂದ ದಿನವೇ ಎರಡು ಬೇರೆ ಬೇರೆ ಕಡೆ ಪ್ರತಿಮಾಡಿ ಇಡಿರಿ.

ದೀಪಾವಳಿಯ ರಜೆಯಲ್ಲಿ ಆ ಬಾಲಕನು ತಂದೆಯೊಡನೆ ಭಾಲ್ಕಿಗೆ ಹೊರಟಾಗ ಶಾಲೆಯ ಯಂತ್ರವನ್ನು ಅವನಿಗೆ ಕೊಟ್ಟು ಕಳುಹಿಸಿದೆವು. ಬೀದರದಲ್ಲಿ ಅನುಮತಿ ಕೇಳಿದನಂತೆ. ಮಿಕ್ಸರಿನ ಬಳಿಯಿದ್ದವರು ತಂತಿಯನ್ನು ತಾವೇ ಸಿಕ್ಕಿಸಿಕೊಟ್ಟು, ಲಂಗರಿನಲ್ಲಿ ಊಟಮಾಡಿಸಿ ಕಳುಹಿಸಿದರಂತೆ. ಐವತ್ತೆರಡು ನಿಮಿಷಗಳ ಆ ಮುದ್ರಿಕೆ ಈಗ ಶಾಲೆಯ ಕಂಪ್ಯೂಟರಿನಲ್ಲಿದೆ, ಬಯಸಿದವರು ಬಂದು ಕೇಳಬಹುದು. ಜಯಕಾರವು ಒಡೆದಿಲ್ಲ. ಒಂಬತ್ತನೆಯ ನಿಮಿಷದಲ್ಲಿ ಯಾರೋ ಗಟ್ಟಿಯಾಗಿ ಕೆಮ್ಮುವುದು ಕೇಳುತ್ತದೆ. ಅಜ್ಜಿ ಪೂರ್ತಿ ಹಾಡನ್ನು ಕಣ್ಣುಮುಚ್ಚಿ ಕೇಳಿ, ಆ ಕೆಮ್ಮು ತನ್ನ ಮಗನದೇ ಎಂದು ಗುರುತಿಸಿ, ಕಷಾಯ ಕುಡಿಯದೆ ಹೋದನೆಂದು ಅವನನ್ನು ಬೈದರಂತೆ.